ಇನ್ನೂರ ಹದಿನಾಲ್ಕನೇ ಚುಕ್ಕಿ

ಶಶಿರೇಖಾ ಏನು ಕೆಲಸ ಮಾಡುತ್ತಾಳೆ ಎಂದು ಗುಬ್ಬಿಯಲ್ಲಿ ಅವರ ಬೀದಿಯವರನ್ನು ಕೇಳಿದರೆ "ಕಂಪ್ಯೂಟರ್" ಎಂದು ಒಂದೇ ಮಾತಲ್ಲಿ ಮುಗಿಸುತ್ತಾರೆ. ಅವಳ ಅತ್ತೆ ಮಹಾಲಕ್ಷ್ಮಮ್ಮ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ, "ನಮ್ ಸೊಸೆ ಕಂಪ್ಯೂಟರ್ ಒಳಗೆ ಗೊಂಬೆ ಸಾಕ್ತಾಳೆ ಕಣ್ರವ್ವ, ಅದಕ್ಕೂ ಸಂಬಳ ಕೊಡೋರವ್ರೆ" ಎನ್ನುತ್ತಾರೆ. ನಗಬೇಡಿ. ಆಯಮ್ಮ ಹೇಳಿದ್ದರಲ್ಲಿ ಅಂಥ ತಪ್ಪೇನೂ ಇಲ್ಲ. ಇಂಜಿನಿಯರಿಂಗ್ ಓದಿದ ಎಷ್ಟೋ ಜನಕ್ಕೆ ಅಷ್ಟು ಚೆನ್ನಾಗಿ ವಿವರಿಸಲು ಬರುವುದಿಲ್ಲ.

ದಿನಾ ಬೆಳಿಗ್ಗೆ ಗುಬ್ಬಿಯಲ್ಲಿ ರೈಲು ಹತ್ತಿ, ತುಮಕೂರಿನಲ್ಲಿ ಇಳಿದು, ಸಿಟಿ ಬಸ್ಸಿನಲ್ಲಿ ಬಟವಾಡಿಗೆ ಬಂದರೆ ಟೈರ್ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ಅವಳ ಆಫೀಸು. ಹನ್ನೊಂದು ಜನರ ಪುಟ್ಟ ಕಂಪನಿ. ಅಲ್ಲಿ ಅವರು ಕಟ್ಟುತ್ತಿದ್ದುದು ಊರುಗಳನ್ನು. ನಿಜವಾದ ಒಂದು ಊರನ್ನು ಆರಿಸಿಕೊಂಡು, ಮನೆಮನೆಗೂ ಹೋಗಿ ಪ್ರಶ್ನೆ ಕೇಳಿ ಬಂದು, ಅಲ್ಲಿನ ಒಬ್ಬೊಬ್ಬರಿಗೂ ಕಂಪ್ಯೂಟರಿನೊಳಗೆ ಒಂದೊಂದು ಚುಕ್ಕಿ ಮಾಡುವುದು. ಚುಕ್ಕಿಗೆ ಒಂದು ನಂಬರು, ವಯಸ್ಸು, ಕಸುಬು, ಕಾಯಿಲೆ ಕಸಾಲೆ, ಗಾಡಿ ಇದೆಯೋ ಇಲ್ಲವೋ, ಎಲ್ಲ ಕೊಡುವುದು. ಆಮೇಲೆ ಅದಕ್ಕೆ ಬುದ್ಧಿ ಕೊಡುವುದು. ಬುದ್ಧಿ ಕೊಡುವ ಕೆಲಸ ಶಶಿರೇಖಾಳದು. ಜನ ಹೇಳಿದ ಉತ್ತರಗಳಿಂದಲೇ ಚುಕ್ಕಿಗಳು ಕಲಿಯುತ್ತಿದ್ದವು. ಬೆಳಗಾದರೆ ಏಳುತ್ತಿದ್ದವು, ಡೇರಿಗೆ ಹಾಲು ಹಾಕುತ್ತಿದ್ದವು, ಬಸ್ಸು ಹಿಡಿಯುತ್ತಿದ್ದವು, ಬಸ್ಸು ತಪ್ಪಿದರೆ ಬೇರೆ ದಾರಿ ಹುಡುಕುತ್ತಿದ್ದವು. ಊರಿನಲ್ಲಿ ಏನನ್ನಾದರೂ ಬದಲಾಯಿಸಬೇಕು ಎನ್ನುವವರು ಮೊದಲು ಈ ನೆರಳಿನ ಊರಲ್ಲಿ ಬದಲಾಯಿಸಿ ನೋಡಬಹುದು. ಯಾರಿಗೆ ತೊಂದರೆಯಾಗುತ್ತದೋ ಆ ಚುಕ್ಕಿ ಕೆಂಪಾಗುತ್ತದೆ. ಸಾಫ್ಟ್‌ವೇರಿಗೆ 'ನೆರಳೂರು' ಎಂದು ಹೆಸರಿಟ್ಟವಳೂ ಅವಳೇ.

ಕಂಪನಿಯ ಮಾಲೀಕ ಲಕ್ಷ್ಮೀಕಾಂತ್ ಕೆಲಸಕ್ಕೆ ತೆಗೆದುಕೊಂಡ ದಿನವೇ ಹೇಳಿದ್ದರು. "ಕೋಡ್ ಬರೆಯೋರು ಬೇಕಾದಷ್ಟು ಜನ ಸಿಗ್ತಾರೆ ರೀ. ನಮ್ಮ ಹಳ್ಳಿ ಜನ ಹೆಂಗೆ ಅಂತ ಒಳಗಿಂದ ಗೊತ್ತಿರೋರು ಬೇಕು ನನಗೆ." ಆ ಮಾತಿಗೆ ಅವಳು ಎಷ್ಟು ಹಿಗ್ಗಿದ್ದಳು ಎಂದರೆ, ಸಂಜೆ ಗಂಡ ಸಂತೋಷನಿಗೆ ಮೂರು ಸಲ ಹೇಳಿದ್ದಳು.

ಹಳ್ಳಿ ಜನ ಹೇಗೆ ಎಂದು ಅವಳಿಗೆ ಕಲಿಸಿದ್ದು ಚಿಕ್ಕಮ್ಮ ಸಿದ್ದಲಕ್ಷ್ಮಮ್ಮ. ಶಶಿಗೆ ನಾಲ್ಕು ವರ್ಷವಾಗಿದ್ದಾಗ ಹೆತ್ತ ತಾಯಿ ತೀರಿಕೊಂಡಿದ್ದಳು. ಮಕ್ಕಳಿಲ್ಲದ ಚಿಕ್ಕಮ್ಮ ಅಕ್ಕನ ಮಗಳನ್ನು ಸೊಂಟಕ್ಕೆ ಹಾಕಿಕೊಂಡು, ಹುಲಿಯೂರುದುರ್ಗದ ಆಚೆ ಇರುವ ತನ್ನ ಪಾಳ್ಯಕ್ಕೆ ಬಂದಳು. ಆಮೇಲೆ ಶಶಿ ಇಂಜಿನಿಯರಿಂಗ್ ಮುಗಿಸಿ ಗುಬ್ಬಿಗೆ ಸೊಸೆಯಾಗಿ ಹೋಗುವ ತನಕ ಅದೇ ಮನೆ, ಅದೇ ಮಡಿಲು.

ಆ ಚಿಕ್ಕಮ್ಮ ಎಂಥವಳು ಎಂದು ಹೇಳಲು ಒಂದು ದಿನದ ಸಂಗತಿ ಸಾಕು. ಶಶಿಗೆ ಆಗ ಹತ್ತು ವರ್ಷ. ಒಲೆ ಮೇಲೆ ಹುರುಳಿಕಾಳು ಸಾರು ಕುದಿಯುತ್ತಿದೆ, ಮನೆಯಲ್ಲಿ ಉಪ್ಪಿಲ್ಲ. ನೂರು ಹೆಜ್ಜೆಯಲ್ಲಿ ಬಸವರಾಜನ ಮನೆ. ಆ ಮನೆಯವರು ಮಜ್ಜಿಗೆ, ಕರಿಬೇವು ಎಂದು ದಿನಾ ಇವಳ ಬಾಗಿಲಿಗೆ ಬರುವವರೇ. "ಇಸ್ಕೊಂಡ್ ಬರ್ಲಾ?" ಎಂದು ಶಶಿ ಬಟ್ಟಲು ಹಿಡಿದು ಎದ್ದಳು. ಚಿಕ್ಕಮ್ಮ ಬಟ್ಟಲು ಕಿತ್ತುಕೊಂಡಳು. "ಕೂತ್ಕೊಳ್ಳೇ. ಉಪ್ಪಿಲ್ದಿದ್ ಸಾರು ಉಂಡ್ರೆ ಯಾರೂ ಸಾಯಲ್ಲ. ಕೇಳಿದ್ ಬಾಯಿ ಸಣ್ಣದಾಯ್ತದೆ." ಅವತ್ತು ಮೂವರೂ ಸಪ್ಪೆ ಸಾರಿನಲ್ಲಿ ಮುದ್ದೆ ಉಂಡರು. ಚಿಕ್ಕಪ್ಪ ಗಂಗಹನುಮಯ್ಯ ಎರಡನೇ ಮುದ್ದೆಗೂ ಅದನ್ನೇ ಹಾಕಿಸಿಕೊಂಡರು.

ಇದು ಜಂಬ ಎಂದುಕೊಳ್ಳಬೇಡಿ. ಆ ಕಡೆ ಮುಕ್ಕಾಲು ಜನ ಹೀಗೆಯೇ. ಕೊಡುವುದಕ್ಕೆ ಎರಡೂ ಕೈ, ಕೇಳುವುದಕ್ಕೆ ಒಂದು ಬಾಯಿಯೂ ಇಲ್ಲ.

ಎರಡು ವರ್ಷದ ಹಿಂದೆ ಚಿಕ್ಕಮ್ಮನ ಕಾಲು ಊದಿಕೊಂಡಿತು, ಮುಖ ಊದಿಕೊಂಡಿತು. ಎರಡೂ ಕಿಡ್ನಿ ಕೈಕೊಟ್ಟಿವೆ ಎಂದರು. ಸೋಮವಾರ, ಗುರುವಾರ ಕುಣಿಗಲ್ಲಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು, ಬೆಳಿಗ್ಗೆ ಎಂಟಕ್ಕೆ ಅವಳ ಸರದಿ. ಉಪ್ಪು ಬಿಡಬೇಕು, ನೀರು ಅಳೆದು ಕುಡಿಯಬೇಕು, ಎಳನೀರು ಮುಟ್ಟಲೇಬಾರದು. ಹಿತ್ತಲಲ್ಲಿ ಹದಿನೆಂಟು ತೆಂಗಿನಮರ ಇಟ್ಟುಕೊಂಡು! "ಉಪ್ಪು ಬುಡೋದು ನಂಗೆ ಮೊದ್ಲೇ ಅಭ್ಯಾಸ ಐತೆ ಬುಡು" ಎಂದು ಚಿಕ್ಕಮ್ಮ ನಕ್ಕಳು. ಗುಬ್ಬಿಗೆ ಬಂದಿರು, ತುಮಕೂರಲ್ಲಿ ಮಾಡಿಸೋಣ ಎಂದು ಶಶಿ ಕಾಲು ಹಿಡಿಯುವುದೊಂದು ಬಾಕಿ. "ಮಗಳ ಅತ್ತೆ ಮನೇಲಿ ಕಾಯಿಲೆ ಮಲಗಿಸ್ಕೊಂಡು ಕೂರ್ಲಾ? ಆರೂಕಾಲ್ ಬಸ್ ಐತೆ, ಬಾಗ್ಲಲ್ಲೇ ನಿಲ್ಲುಸ್ತಾನೆ" ಎಂದು ಅವಳು ಬಾಯಿ ಮುಚ್ಚಿಸಿದಳು. ಅದು ನಿಜವೇ. ಪಾಳ್ಯದ ಒಳಗೆ ಬಂದು ಹೋಗುವ ಆರೂಕಾಲರ ಖಾಸಗಿ ಬಸ್ಸು ಏಳೂವರೆಯ ಒಳಗೆ ಕುಣಿಗಲ್ ಮುಟ್ಟಿಸುತ್ತಿತ್ತು. ಅದು ಬಿಟ್ಟರೆ ಒಳಗೆ ಬರುವ ಬಸ್ಸು ಹತ್ತು ಗಂಟೆಗೆ. ಇಲ್ಲವೆಂದರೆ ನಾಲ್ಕು ಕಿಲೋಮೀಟರ್ ನಡೆದು ಮೇನ್ ರೋಡಿಗೆ ಹೋಗಬೇಕು.

ಕಳೆದ ಶ್ರಾವಣದಲ್ಲಿ ಆ ಬಸ್ಸಿನ ಮಾಲೀಕರೇ ಬಟವಾಡಿಯ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಹುಲಿಯೂರುದುರ್ಗದ ಸುತ್ತ ಮೂವತ್ತು ಬಸ್ಸು ಓಡಿಸುವವರು. ಯಾವ ಟ್ರಿಪ್ಪು ನಿಲ್ಲಿಸಿದರೆ ಯಾರಿಗೂ ತೊಂದರೆಯಿಲ್ಲ ಎಂದು ನೆರಳೂರು ಹೇಳಬೇಕು, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಕೆಟ್ಟವರೇನಲ್ಲ. ಯಾರಿಗೂ ತೊಂದರೆ ಆಗಬಾರದು ಎಂದು ಎರಡು ಸಲ ಹೇಳಿದರು.

ಪ್ರಶ್ನೆಗಳನ್ನು ಬರೆದದ್ದು ಶಶಿ. ಹದಿನೇಳನೇ ಪ್ರಶ್ನೆ ಹೀಗಿತ್ತು: ಅಕ್ಕಪಕ್ಕದವರು ಆಸ್ಪತ್ರೆಗೆ ಹೋಗಬೇಕಾಗಿ ಬಂದು ಕೇಳಿದರೆ, ನಿಮ್ಮ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತೀರಾ? ಪಾಳ್ಯದಲ್ಲಿ ಗಾಡಿ ಇದ್ದದ್ದು ಮೂವತ್ತೊಂಬತ್ತು ಮನೆಯಲ್ಲಿ. ಮೂವತ್ತೊಂಬತ್ತು ಮನೆಯವರೂ ಹೌದು ಎಂದರು. ಹೊಸದಾಗಿ ಕಾರು ಕೊಂಡಿದ್ದ ಬಸವರಾಜ ಕೋಪವನ್ನೇ ಮಾಡಿಕೊಂಡ. "ಇದೂ ಒಂದ್ ಪ್ರಶ್ನೆನಾ ಶಶಿ? ಕೇಳಿದ್ರೆ ಇಲ್ಲ ಅಂತೀವಾ?" ಅವನು ಸುಳ್ಳು ಹೇಳಲಿಲ್ಲ. ಅವರಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ.

ಗಾಡಿ ಇಲ್ಲದವರನ್ನು 'ನೀವು ಹೋಗಿ ಕೇಳುತ್ತೀರಾ?' ಎಂದು ಕೇಳುವ ಪ್ರಶ್ನೆಯೇ ಫಾರ್ಮಿನಲ್ಲಿ ಇರಲಿಲ್ಲ. ಕಷ್ಟ ಬಂದರೆ ಮನುಷ್ಯ ಕೇಳಿಯೇ ಕೇಳುತ್ತಾನೆ ಎಂದು ಕೋಡ್ ಬರೆಯುವವರು ಅಂದುಕೊಳ್ಳುತ್ತಾರೆ. ಬೇರೆ ಯಾರೋ ಅಂದುಕೊಂಡಿದ್ದರೆ ಕ್ಷಮಿಸಬಹುದಿತ್ತು. ಸಪ್ಪೆ ಸಾರು ಉಂಡು ಬೆಳೆದವಳು ಅಂದುಕೊಂಡಳಲ್ಲ!

ಲಕ್ಷ್ಮೀಕಾಂತ್ ಅವರೂ ಒಂದು ದಿನ ಪಾಳ್ಯಕ್ಕೆ ಬಂದಿದ್ದರು. ಚಿಕ್ಕಮ್ಮ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ, ತಾನು ಕುಡಿಯುವಂತಿಲ್ಲದ ಎಳನೀರನ್ನು ಅವರಿಗೆ ಕೆತ್ತಿಸಿ ಕೊಟ್ಟಳು. ಬಸ್ಸು ನಿಂತರೆ ನಿಮಗೆ ಕಷ್ಟವಾಗುವುದಿಲ್ಲವೇ ತಾಯಿ ಎಂದು ಅವರು ವಿನಯವಾಗಿಯೇ ಕೇಳಿದರು.

"ನಂಗೇನ್ ಕಷ್ಟ ಸಾರ್? ಊರ್ ತುಂಬ ಗಾಡಿ ಅವೆ. ಯಾರಾದ್ರೂ ಕರ್ಕೊಂಡ್ ಹೋಯ್ತಾರೆ."

ಮನೆಗೆ ಬಂದ ದೊಡ್ಡ ಮನುಷ್ಯರ ಎದುರು ಕಷ್ಟ ಹೇಳಿಕೊಂಡರೆ ಬೇಡಿದ ಹಾಗೆ ಎಂಬುದು ಚಿಕ್ಕಮ್ಮನ ಲೆಕ್ಕ. ಶಶಿಗೆ ಅದು ಆ ಕ್ಷಣಕ್ಕೇ ಗೊತ್ತಾಯಿತು. ಗೊತ್ತಾಗಿಯೂ, ಜನ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಬೇಕು ಎಂಬ ನಿಯಮ ಇದೆ ನೋಡಿ, 'ತೊಂದರೆ ಇಲ್ಲ' ಎಂಬುದನ್ನು ಒತ್ತಿದಳು. ಚಿಕ್ಕಮ್ಮ ನೆರಳೂರಿನ ಇನ್ನೂರ ಹದಿನಾಲ್ಕನೇ ಚುಕ್ಕಿಯಾದಳು.

ನೆರಳೂರಿನೊಳಗೆ ಆರೂಕಾಲರ ಬಸ್ಸು ತೆಗೆದು, ಅಲ್ಲಿನ ಲೆಕ್ಕದ ಆರು ತಿಂಗಳು ಓಡಿಸಿ ನೋಡಿದರು. ಒಂದು ಚುಕ್ಕಿಯೂ ಕೆಂಪಾಗಲಿಲ್ಲ. ಸೋಮವಾರ ಗುರುವಾರ ಬೆಳಿಗ್ಗೆ ಆರಕ್ಕೆ ಇನ್ನೂರ ಹದಿನಾಲ್ಕು ತನ್ನ ಮನೆಯಿಂದ ಹೊರಟು, ಎಂಬತ್ತೇಳರ ಮನೆಗೆ ಹೋಗಿ, ಅಲ್ಲಿಂದ ಎಂಬತ್ತೇಳರ ಕಾರಿನಲ್ಲಿ ಸಲೀಸಾಗಿ ಕುಣಿಗಲ್ ತಲುಪುತ್ತಿತ್ತು. ಎಂಬತ್ತೇಳು ಎಂದರೆ ಬಸವರಾಜ. ಶಶಿ ಅದನ್ನು ನೋಡುತ್ತಾ ಕೂತಳು. ಚಿಕ್ಕಮ್ಮ? ಬಸವರಾಜನ ಬಾಗಿಲಿಗೆ? ವಾರಕ್ಕೆ ಎರಡು ಸಲ?

ವರದಿ ಕಳಿಸುವುದಕ್ಕೆ ಇನ್ನೂ ಎರಡು ದಿನ ಇತ್ತು. ಇದೊಂದು ಸ್ವಲ್ಪ ತಡೆಯಿರಿ ಸಾರ್, ಇನ್ನೊಂದು ಸಲ ಪಾಳ್ಯಕ್ಕೆ ಹೋಗಿ ಬರುತ್ತೇನೆ ಎಂದರೆ ಮುಗಿಯುತ್ತಿತ್ತು. ಲಕ್ಷ್ಮೀಕಾಂತ್ ಅವರ ಗಾಜಿನ ಬಾಗಿಲ ತನಕ ಎರಡು ಸಲ ಹೋದಳು. ಮೊದಲನೇ ಸಲ ಅವರು ಫೋನಿನಲ್ಲಿದ್ದರು. ಎರಡನೇ ಸಲ ಸುಮ್ಮನೆ ಕೂತಿದ್ದರು. ತಲೆಯೆತ್ತಿ "ಏನ್ರೀ?" ಎಂದರು. "ಏನಿಲ್ಲ ಸಾರ್, ಊಟಕ್ಕೆ ಹೊರಟೆ" ಎಂದು ಬಂದುಬಿಟ್ಟಳು. ಹೇಗೆ ಕೇಳುವುದು? ನಮ್ಮ ಚಿಕ್ಕಮ್ಮನ ಸಲುವಾಗಿ ಬಸ್ಸು ಉಳಿಸಿಕೊಡಿ ಎಂದ ಹಾಗಾಗುವುದಿಲ್ಲವೇ? ಮನೆ ತಾಪತ್ರಯವನ್ನು ಆಫೀಸಿಗೆ ತಂದಳು ಎನ್ನುವುದಿಲ್ಲವೇ? ಹುಲಿಯ ಬಾಯಿಗೆ ತಲೆ ಕೊಡಬಲ್ಲವಳು, ಒಂದು ಮಾತು ಕೇಳಲಾರದೆ ಹೋದಳು. ವರದಿ ಹೋಯಿತು. ಕಾರ್ತಿಕ ಮಾಸದಲ್ಲಿ ಬಸ್ಸು ನಿಂತಿತು.

ಅವಳು ಕೈಕಟ್ಟಿ ಕೂತಿರಲಿಲ್ಲ, ಅದನ್ನೂ ಹೇಳಬೇಕು. ಬಸ್ಸು ನಿಂತ ದಿನವೇ ಫೋನು ಮಾಡಿ, "ಒಂದು ಆಟೋ ಗೊತ್ತು ಮಾಡ್ತೀನಿ ಚಿಕ್ಕಮ್ಮ" ಎಂದಳು.

"ಯಾಕೇ? ಬಸವರಾಜ ಕರ್ಕೊಂಡ್ ಹೋಯ್ತಾವ್ನೆ ಕಣೇ. ನೀನು ತಲೆ ಕೆಡಿಸ್ಕೋಬ್ಯಾಡ."

"ನಿಜವಾಗ್ಲೂ? ನೀನೇ ಹೋಗಿ ಕೇಳಿದ್ಯಾ?"

"ಹ್ಞೂ ಅಂದ್ನಲ್ಲ. ಅದೇನ್ ದೊಡ್ ವಿಷ್ಯ?"

ಶಶಿಯ ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದದ್ದು ಮಾತ್ರವಲ್ಲ, ಒಳಗೊಳಗೇ ಬೀಗಿದಳು. ನೆರಳೂರು ಹೇಳಿದ ಹಾಗೇ ಆಯಿತಲ್ಲ! ಮೂವತ್ತು ವರ್ಷ ಕಂಡ ತನಗಿಂತ, ತಾನು ಮೂರು ತಿಂಗಳಲ್ಲಿ ಬರೆದ ಕೋಡೇ ಚಿಕ್ಕಮ್ಮನನ್ನು ಚೆನ್ನಾಗಿ ತಿಳಿದಿದೆ ಎಂದು ಸಂತೋಷನ ಹತ್ತಿರ ಹೇಳಿಯೂ ಹೇಳಿದಳು. ಅಯ್ಯೋ, ಹೆಣ್ಣೇ.

ಪ್ರತಿ ಭಾನುವಾರ ಫೋನು. "ಈ ವಾರ ಹೋಗಿದ್ಯಾ?" "ಎರಡ್ ಸಲನೂ ಹೋಗಿದ್ದೆ ಕಣ್ ಮಗ." ಉಸಿರು ಕಟ್ಟಿದ ಹಾಗೆ ಮಾತಾಡುತ್ತೀಯಲ್ಲ ಎಂದರೆ, "ಚಳಿ ಕಣೇ, ಮಾಗಿ ಚಳಿ" ಎನ್ನುತ್ತಿದ್ದಳು.

ಆ ಗುರುವಾರ ರೈಲು ತುಮಕೂರು ಸ್ಟೇಷನ್ನಿಗೆ ಬರುತ್ತಿದ್ದಾಗ ಚಿಕ್ಕಪ್ಪನ ಫೋನು ಬಂತು. "ಶಶಿ, ಕುಣಿಗಲ್‌ಗೆ ಬಾ ಮಗ" ಎಂದರು. ಹಿಂದಿನಿಂದ ಬಸವರಾಜ ಅಳುವುದು ಕೇಳಿಸಿತು.

ಆದದ್ದು ಇಷ್ಟು. ಬಸ್ಸು ನಿಂತಾಗಿನಿಂದ ಚಿಕ್ಕಮ್ಮ ಬೆಳಗಿನ ಜಾವ ಐದಕ್ಕೆ ಎದ್ದು ಮೇನ್ ರೋಡಿಗೆ ನಡೆದುಕೊಂಡೇ ಹೋಗುತ್ತಿದ್ದಳು. ಹಾಲು ಕರೆಯುತ್ತಾ ಕೊಟ್ಟಿಗೆಯಲ್ಲಿರುತ್ತಿದ್ದ ಗಂಡನಿಗೆ "ಬಸವರಾಜನ ಕಾರಲ್ಲಿ ಹೋಯ್ತೀನಿ" ಎನ್ನುತ್ತಿದ್ದಳು. ಅವರು ನಂಬಿದ್ದರು. ದಾರಿಯ ಮಧ್ಯೆ ಒಂದು ಮೋರಿ ಇದೆ. ದಮ್ಮು ಕಟ್ಟಿದಾಗ ಅದರ ಕಟ್ಟೆಯ ಮೇಲೆ ಕೂರುತ್ತಿದ್ದಳು. ಕೆಲವು ದಿನ ಎದ್ದು ಹೋಗಿ ಬಸ್ಸು ಹಿಡಿಯುತ್ತಿದ್ದಳು. ಕೆಲವು ದಿನ ಏಳಲಾಗದೆ, ಬಿಸಿಲು ಬರುವ ತನಕ ಅಲ್ಲೇ ಕೂತಿದ್ದು ಹಿತ್ತಲ ದಾರಿಯಲ್ಲಿ ಮನೆಗೆ ವಾಪಸ್ಸು. ಡೇರಿಗೆ, ತೋಟಕ್ಕೆ, ಗಾರ್ಮೆಂಟ್ಸಿಗೆ ಎಂದು ಹೋಗುವ ಎಷ್ಟೋ ಗಾಡಿ ಅವಳ ಮುಂದೆ ನಿಂತಿವೆ. "ಎಲ್ಲಿಗೆ ಸಿದ್ದಕ್ಕ? ಬುಟ್ ಬರ್ಲಾ?" ಎಂದು ಕೇಳಿದವರಿದ್ದಾರೆ. "ಎಲ್ಲಿಗೂ ಇಲ್ಲ ಕಣಪ್ಪ, ಹಂಗೇ ಗಾಳಿಗೆ ಕೂತಿದ್ದೆ" ಎಂದಿದ್ದಾಳೆ. ಮಾಗಿಯ ಚಳಿಯಲ್ಲಿ, ಐದೂವರೆ ಗಂಟೆಗೆ, ಗಾಳಿಗೆ!

ಆ ಗುರುವಾರ ಹಾಲಿನ ಗಾಡಿಯವನು ನೋಡಿದಾಗ ಅವಳು ಮೋರಿಯ ಪಕ್ಕ ವಾಲಿಕೊಂಡಿದ್ದಳಂತೆ. ಬಸವರಾಜ ಬನಿಯನ್ನಿನಲ್ಲೇ ಕಾರು ತೆಗೆದುಕೊಂಡು ಓಡಿದ. ಸಿದ್ದಲಕ್ಷ್ಮಮ್ಮ ಅವನ ಕಾರಿನಲ್ಲಿ ಕೂತದ್ದು ಅದೇ ಮೊದಲು. ದುರ್ಗ ದಾಟಿ ಸ್ವಲ್ಪ ದೂರಕ್ಕೇ ಜೀವ ಹೋಯಿತು.

ಮೂರನೇ ದಿನ ತೋಟದ ಸಮಾಧಿಗೆ ಹಾಲುತುಪ್ಪ ಬಿಟ್ಟು ಎಲ್ಲರೂ ಮನೆಗೆ ಬಂದರು. ಬಸವರಾಜ ಜಗಲಿಯ ಕಂಬ ಹಿಡಿದುಕೊಂಡು ಮಗುವಿನ ಹಾಗೆ ಅತ್ತ. "ನೂರ್ ಹೆಜ್ಜೆ ಕಣ್ ಶಶಿ. ಬರೀ ನೂರ್ ಹೆಜ್ಜೆ. ಸೋಮವಾರ ಗುರುವಾರ ನನ್ ಕಾರು ಬಾಗ್ಲಲ್ಲೇ ನಿಂತಿರ್ತಿತ್ತು. ಬಸ್ ನಿಂತ್ಮೇಲೆ ಇವ್ರೇ ಏನೋ ಗೊತ್ ಮಾಡ್ಕೊಂಡವ್ರೆ ಅಂದ್ಕೊಂಡಿದ್ದೆ. ಒಂದ್ ಮಾತು ಕೇಳಿದ್ರೆ ನಾನು ಇಲ್ಲ ಅಂತಿದ್ನಾ?"

ಹದಿನೇಳನೇ ಪ್ರಶ್ನೆಗೆ ಅವನು ಕೊಟ್ಟ ಉತ್ತರ ಅದೇ. ಶಶಿ ಅವನ ಮುಖ ನೋಡಲಾರದೆ ಒಳಗೆ ಹೋದಳು. ಗೂಡಿನಲ್ಲಿ ಆಸ್ಪತ್ರೆಯ ಪುಸ್ತಕ ಇತ್ತು. ತೆಗೆದು ನೋಡಿದಳು. ಕೊನೆಯ ನಾಲ್ಕು ವಾರದಲ್ಲಿ ಎಂಟು ಸಲ ಹೋಗಬೇಕಿತ್ತು. ಮೂರೇ ತಾರೀಕು ಇದ್ದವು. ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತು, ಸೀರೆ ಬಾಯಿಗೆ ತುರುಕಿಕೊಂಡು ಅತ್ತಳು. ನಾನೇ ಕೊಂದೆ ಎಂದು ಕೂಗಬೇಕು ಎನ್ನಿಸಿತು. ಯಾರಿಗೆ ಕೂಗಿ ಹೇಳುವುದು? ಪಾಳ್ಯದಲ್ಲಿ ಯಾರಿಗೂ ನೆರಳೂರು ಎಂದರೆ ಏನೆಂದೇ ಗೊತ್ತಿರಲಿಲ್ಲ. ನಮ್ಮ ಶಶಿ ಸರ್ವೆಗೆ ಬಂದಿದ್ದಳು ಎನ್ನುವಷ್ಟು ಗೊತ್ತಿತ್ತು.

ತಿಥಿ ಮುಗಿಸಿ ಆಫೀಸಿಗೆ ಬಂದವಳು ಮೊದಲು ಮಾಡಿದ ಕೆಲಸ, ಚುಕ್ಕಿಗಳಿಗೆ ಹೊಸದೊಂದು ಗುಣ ಸೇರಿಸಿದ್ದು. ಅದಕ್ಕೆ 'ಸಂಕೋಚ' ಎಂದು ಹೆಸರಿಟ್ಟಳು. ಕಷ್ಟ ಬಂದರೂ ಹೋಗಿ ಕೇಳದಿರುವುದು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಬಸ್ಸು ತೆಗೆದು ಮತ್ತೆ ಓಡಿಸಿದಳು. ಎರಡನೇ ವಾರಕ್ಕೇ ಇನ್ನೂರ ಹದಿನಾಲ್ಕು ಕೆಂಪಾಯಿತು. ಅದರ ಹಿಂದೆಯೇ ಇನ್ನೂ ಹನ್ನೊಂದು ಚುಕ್ಕಿಗಳು ಒಂದೊಂದಾಗಿ ಕೆಂಪಾದವು. ಒಬ್ಬಳು ಬಸುರಿ ಹೆಂಗಸು. ಇಬ್ಬರು ಕಾಲೇಜಿನ ಹುಡುಗಿಯರು. ಕಣ್ಣು ಕಾಣದ ಚೌಡಪ್ಪ.

ಆಗ ಹೋಗಿ ಲಕ್ಷ್ಮೀಕಾಂತ್ ಅವರಿಗೆ ಎಲ್ಲ ಹೇಳಿದಳು. ಚಿಕ್ಕಮ್ಮ ಎಂಥವಳು, ಮೋರಿ ಎಲ್ಲಿ, ವರದಿ ಹೋಗುವ ಮೊದಲು ತಾನು ಎರಡು ಸಲ ಬಾಗಿಲ ತನಕ ಬಂದದ್ದು, ಎಲ್ಲ. ಅವರು ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಕ್ಷಣ ಬಸ್ಸಿನ ಮಾಲೀಕರಿಗೆ ಫೋನು ಮಾಡಿದರು. ಆ ಬಸ್ಸು ಈಗ ಯಡಿಯೂರಿನ ಟ್ರಿಪ್ಪಿಗೆ ಹೋಗಿಬಿಟ್ಟಿದೆ, ಪರ್ಮಿಟ್ಟೂ ಬದಲಾಗಿದೆ, ಮೊದಲೇ ಹೇಳಿದ್ದರೆ ನಿಲ್ಲಿಸುತ್ತಲೇ ಇರಲಿಲ್ಲ ಎಂದರು ಅವರು. ನೊಂದುಕೊಂಡೇ ಹೇಳಿದರು.

ಲಕ್ಷ್ಮೀಕಾಂತ್ ಫೋನಿಟ್ಟರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಎರಡು ದಿನ ಅಲ್ಲ ರೀ, ಎರಡು ತಿಂಗಳು ಬೇಕಾದ್ರೂ ತಡೀತಿದ್ದೆ" ಎಂದರು. "ನೀವು ಒಂದು ಮಾತು ಕೇಳಿದ್ರೆ ನಾನು ಇಲ್ಲ ಅಂತಿದ್ನಾ?"

ಶಶಿ ತನ್ನ ಜಾಗಕ್ಕೆ ಬಂದು ಕೂತಳು. ಹೊಸದನ್ನು ಮುಚ್ಚಿ ಹಳೆಯ ನೆರಳೂರನ್ನು ತೆರೆದಳು. ಅಲ್ಲಿ ಗುರುವಾರ, ಬೆಳಿಗ್ಗೆ ಆರು ಗಂಟೆ. ಇನ್ನೂರ ಹದಿನಾಲ್ಕು ಮನೆಯಿಂದ ಹೊರಬಿತ್ತು. ನೂರು ಹೆಜ್ಜೆ ನಡೆದು ಎಂಬತ್ತೇಳರ ಬಾಗಿಲಲ್ಲಿ ನಿಂತಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ಚುಕ್ಕಿ ಸೇರಿಕೊಂಡು ಕುಣಿಗಲ್ ದಾರಿ ಹಿಡಿದವು.

"ಅಂತೂ ಕೇಳಿದ್ಯಲ್ಲ ಚಿಕ್ಕಮ್ಮ" ಎಂದಳು.

ಪಕ್ಕದ ಮೇಜಿನ ಚಂದ್ರು ತಿರುಗಿ ನೋಡಿದ. ಅವಳ ಮುಖ ನೋಡಿ ಗಾಬರಿಯಾಗಿ ಎದ್ದು ನಿಂತ. "ಮೇಡಂ, ಏನಾಯ್ತು? ಮನೇಗ್ ಬುಟ್ಟು ಬರ್ಲಾ? ಏನಾದ್ರೂ ಬೇಕಾ?"

"ಏನೂ ಬೇಡ ಚಂದ್ರು" ಎಂದಳು ಶಶಿರೇಖಾ. "ನಂಗೇನ್ ತೊಂದ್ರೆ ಇಲ್ಲ."